ಖಂಡೇನವಮಿಗೆ ಕಣ್ಣು ಮುಚ್ಚಿದ ಪರದೆ

ಕಂತು ಒಂಬತ್ತು

“ದೇವರು ಕಣ್ಣ ಮುಚ್ಯಾನ. ಅದನ್ನ ನೀವೇನ್ ತಗಸ್ತೀರಿ ಅಕ್ಕಾರ?” ಎಂದಳು ಬಸವಣ್ಣೆವ್ವ.

ಲೋಲಾಕ್ಷಿ ಕಂಪ್ಯೂಟರಿನ ಗುಂಡಿ ಒತ್ತಿದಳು. ಪರದೆ ಒಮ್ಮೆ ಬೆಳಗಿತು. ಸಿಗ್ನಲ್ ಇಲ್ಲ, ಪವರ್ ಸೇವಿಂಗಿಗೆ ಹೋಗುತ್ತಿದ್ದೇನೆ ಎಂಬ ಇಂಗ್ಲಿಷ್ ಸಾಲೊಂದು ನಾಲ್ಕು ಸೆಕೆಂಡು ಅತ್ತಿತ್ತ ತೇಲಿತು. ಮತ್ತೆ ಎಲ್ಲ ಕಪ್ಪು. ಅಂಚಿನ ನೀಲಿ ದೀಪ ಕೇಸರಿಗೆ ತಿರುಗಿತು. ಪರದೆಯ ನೆತ್ತಿಯಲ್ಲಿ ಐದು ದಿನದ ಹಿಂದೆ ಬಳಿದ ಮೂರೆಳೆ ವಿಭೂತಿ, ನಡುವೆ ಕುಂಕುಮ, ಸುತ್ತ ಬಾಡಿದ ಚೆಂಡುಹೂವಿನ ಮಾಲೆ ಹಾಗೆಯೇ ಇದ್ದವು.

“ನೋಡಿದ್ರಿಲ್ಲ? ಖಂಡೇಪೂಜಿ ಮಾಡಿದ ಸಾಮಾನ ಆವತ್ತ ಯಾರೂ ಮುಟ್ಟಬಾರದು. ಇಕಿ ಮುಟ್ಟಿದ್ಲು. ಮರುದಿನದಿಂದ ಹಿಂಗ ಕುಂತೈತಿ. ಇದಕ್ಕಿಂತ ಬ್ಯಾರೆ ಸಾಕ್ಷಿ ಬೇಕೇನ್ರಿ?”

‘ಇಕಿ’ ಎಂದರೆ ಸೊಸೆ ಸೌಭಾಗ್ಯ. ಅಡುಗೆಮನೆಯ ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತಿದ್ದಳು. ಖಂಡೇನವಮಿಯ, ಆಯುಧಪೂಜೆಯ ಆ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಅವಳ ಹೆಸರಿನಿಂದ ಗಂಡಿನ ಕಡೆಯವರಿಗೆ ಹೋದ ಒಂದು ಮೇಲ್ ನಾದಿನಿ ಪ್ರಾಜಕ್ತಾಳ ಮದುವೆಯ ನಿಶ್ಚಯವನ್ನು ಮುರಿದುಹಾಕಿತ್ತು. ಇಂದು ಸಂಜೆ ಆರಕ್ಕೆ ಸೌಭಾಗ್ಯಳ ಅಪ್ಪ ಬಾಲಪ್ಪ ಕಾಮೋಠೆಯಿಂದ ಬಂದು ಮಗಳನ್ನು ಕರೆದುಕೊಂಡು ಹೋಗತಕ್ಕದ್ದು ಎಂದು ಮನೆಯವರು ತೀರ್ಪು ಕೊಟ್ಟಾಗಿತ್ತು. ಬಾಗಿಲ ಬಳಿ ಅವಳ ಬ್ಯಾಗು ಕಟ್ಟಿ ಇಟ್ಟಿದ್ದರು. ಗೋಡೆಯ ಗಡಿಯಾರದಲ್ಲಿ ಈಗ ಐದೂ ಐದು.

ಲೋಲಾಕ್ಷಿಗೆ ಆ ಬ್ಯಾಗು ನೋಡಿಯೇ ಪಿತ್ತ ನೆತ್ತಿಗೇರಿತ್ತು. ಡೊಂಬಿವಲಿ ಪೂರ್ವದಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಉಡುಪಿ ಕಡೆಯ ಹೆಂಗಸು ಅವಳು. ಕೆಟ್ಟ ಯಂತ್ರದ ಮುಂದೆ ಮೂರು ತಾಸು ಬೇಕಾದರೂ ಕೂರುತ್ತಾಳೆ. ಕೆಟ್ಟ ಮನುಷ್ಯರ ಮುಂದೆ ಮೂರು ನಿಮಿಷ ಕೂರಲಾರಳು. ಸೌಭಾಗ್ಯ ಠಾಣೆಯ ಸೀರೆ ಅಂಗಡಿಗಳಿಗೆ ಕಸೂತಿ ನಮೂನೆ ಬರೆದುಕೊಡಲೆಂದು ತೆಗೆದುಕೊಂಡಿದ್ದ ಈ ಯಂತ್ರವನ್ನು ಎರಡು ವರ್ಷದ ಹಿಂದೆ ಜೋಡಿಸಿ ಕೊಟ್ಟವಳೇ ಲೋಲಾಕ್ಷಿ. ಬೆಳಿಗ್ಗೆ ಫೋನಿನಲ್ಲಿ ಆ ಹುಡುಗಿ ಹೇಳಿದ್ದು ಎರಡೇ ಮಾತು: “ಅಕ್ಕಾ, ಪರದಿ ಬರವಲ್ತು. ನಾ ಬರದಿಲ್ಲಕ್ಕಾ.”

“ಮಾನಿಟರ್ ಹೋಗೈತ್ರಿ ಅಕ್ಕಾರ,” ಎಂದ ಶಿವರಾಜ, ಸೌಭಾಗ್ಯಳ ಗಂಡ. ಸೋಫಾದ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದ. “ಸುಮ್ನ ನಿಮ್ಮ ಟೈಮ್ ಖೋಟಿ. ಹೊಸಾದು ತರ್ತೀನಿ ಅಂತ ನಾ ಹೇಳೀನಲ್ಲ.”

“ಮಾನಿಟರ್ ಹೋಗಿದ್ರೆ ‘ಸಿಗ್ನಲ್ ಇಲ್ಲ’ ಅಂತ ಹೇಳ್ಲಿಕ್ಕೆ ಅದಕ್ಕೆ ಬಾಯಿ ಎಲ್ಲಿಂದ ಬಂತು ಮಾರ್ರೆ? ಇದು ಸತ್ತದ್ದಲ್ಲ. ಇದಕ್ಕೆ ಯಾರೂ ಎಂತದೂ ಕಳಿಸ್ತಾ ಇಲ್ಲ, ಹಾಗಾಗಿ ಮಲಗ್ತಾ ಉಂಟು. ಆ ಪತ್ರ ಒಮ್ಮೆ ಕೊಡಿ ನೋಡುವ.”

ಶಿವರಾಜ ಮನಸ್ಸಿಲ್ಲದೆ ಫೋನು ಚಾಚಿದ. ಸೀವುಡ್ಸಿನ ಗಂಡಿನ ಮನೆಯವರು ಕಳಿಸಿದ ಪ್ರತಿ. ಲೋಲಾಕ್ಷಿ ಎರಡು ಸಲ ಓದಿದಳು. ಹುಡುಗಿಗೆ ಮೂರ್ಛೆ ರೋಗ ಇದೆ, ಮನೆಯವರು ಮುಚ್ಚಿಟ್ಟಿದ್ದಾರೆ, ನಿಮ್ಮ ಮಗನ ಬಾಳು ಹಾಳಾಗಬಾರದೆಂದು ಅತ್ತಿಗೆಯಾದ ನಾನೇ ಬರೆಯುತ್ತಿದ್ದೇನೆ, ಇಂತಿ ಸೌಭಾಗ್ಯ. ಒಟ್ಟು ಐದು ಸಾಲು. ಒಂದೊಂದು ಸಾಲೂ ಸುಳ್ಳು. ಪ್ರಾಜಕ್ತಾ ಎಂಬ ಆ ಗಟ್ಟಿಮುಟ್ಟಾದ ಹುಡುಗಿ ಒಳಕೋಣೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು.

“ನಮ್ಮ ಬೀಗರು ಬಾಲಪ್ಪನೋರು ತಾವ ಮುಂದ ನಿಂತು ತಂದ ಸಂಬಂಧ ಅದು,” ಎಂದಳು ಬಸವಣ್ಣೆವ್ವ. “ಅಪ್ಪ ಕಟ್ಟಿದ್ದನ್ನ ಮಗಳು ಕೆಡವಿದ್ಲು. ಎಂಥಾ ಹೊಟ್ಟಿಕಿಚ್ಚೋ ಏನೋ. ಆವತ್ತ ಮನ್ಯಾಗ ಇದ್ದಾಕಿನೂ ಇಕಿ ಒಬ್ಬಾಕೆ. ನಾನು, ಪ್ರಾಜಕ್ತಾ ಗುಡಿಗೆ ಹೋಗಿದ್ವಿ. ಶಿವ್ಯಾ ವಿಠ್ಠಲವಾಡಿಗೆ, ನಮ್ಮ ತಮ್ಮನ ಗಿರಣಿ ಪೂಜಿಗೆ ಹೋಗಿದ್ದ.”

ಆ ತಮ್ಮ ಕೈಲಾಸ ಶಿವರಾಜನ ಪಕ್ಕದಲ್ಲೇ ಕೂತಿದ್ದ. ವಿಠ್ಠಲವಾಡಿ ಸ್ಟೇಷನ್ ಹಿಂದೆ ಖಾರ ಕುಟ್ಟುವ ಗಿರಣಿ ಇಟ್ಟವನು. ಅಕ್ಕನ ಮನೆಯ ಪಂಚಾಯಿತಿಗೆ ಹಿರಿಯನಾಗಿ ಬಂದಿದ್ದ. “ಹೌದ್ ಹೌದು,” ಎಂದು ಯಾರೂ ಕೇಳದಿದ್ದರೂ ತಲೆ ಹಾಕಿದ.

ಲೋಲಾಕ್ಷಿ ಬಗ್ಗಿ, ಮೇಜಿನಿಂದ ನೆಲದವರೆಗೂ ಇಳಿಬಿಟ್ಟಿದ್ದ ಹಸಿರು ಬಟ್ಟೆಯನ್ನು ಸರ್ರನೆ ಎತ್ತಿದಳು. ಕೆಳಗಿನ ಹಲಗೆಯ ಮೇಲೆ ಕಪ್ಪು ಪೆಟ್ಟಿಗೆ ಕೂತಿತ್ತು. ಅದರ ಮೈಮೇಲೆ ವಿಭೂತಿ ಇಲ್ಲ, ಕುಂಕುಮ ಇಲ್ಲ, ಒಂದು ಎಸಳು ಹೂವಿಲ್ಲ.

“ಅಮ್ಮಾ, ನೀವು ಪೂಜೆ ಮಾಡಿದ್ದು ಯಾವುದಕ್ಕೆ?”

“ಕಂಪ್ಯೂಟರ್‌ಗೆ.”

“ಇದಕ್ಕೆ ಮಾಡಿದಿರಿ,” ಲೋಲಾಕ್ಷಿ ಪರದೆಯನ್ನು ಬೆರಳಿನಿಂದ ಕುಟ್ಟಿದಳು. “ಇದು ಕಂಪ್ಯೂಟರ್ ಅಲ್ಲ. ಬರೀ ಮುಖ. ಕಂಪ್ಯೂಟರ್ ಅಂದ್ರೆ ಈ ಕೆಳಗೆ ಕೂತದ್ದು. ಪೂಜೆ ಆದ ಮೇಲೆ ಈ ಬಟ್ಟೆ ಎತ್ತಿ ಯಾರಾದ್ರೂ ನೋಡಿದ್ದೀರಾ?”

“ಅದನ್ಯಾಕ ನೋಡೂದು? ಮಾಲಿ ಹಾಕಿದ್ದು ಇಲ್ಲೇ ಇತ್ತಲ್ಲ, ಕಣ್ಣ ಮುಂದ. ಕಂಪ್ಯೂಟರ್ ಅಳ್ಳಾಡಿಲ್ಲ ಅಂತ ನಾ ಆಣಿ ಮಾಡಿ ಹೇಳ್ತೀನಿ.”

ಲೋಲಾಕ್ಷಿ ಪೆಟ್ಟಿಗೆಯನ್ನು ಅರ್ಧ ಹೊರಗೆಳೆದು, ಟಾರ್ಚು ಹಚ್ಚಿ ಬೆನ್ನ ಕಡೆ ನೋಡಿದಳು. ನೋಡಿ ಹಾಗೆಯೇ ಕೂತುಬಿಟ್ಟಳು.

ಪರದೆಯ ಕೇಬಲ್ ಮೇಲಿನ ತೂತಿನಲ್ಲಿತ್ತು.

ಈ ಯಂತ್ರದಲ್ಲಿ ಮೇಲಿನ ತೂತಿಗೆ ಜೀವವೇ ಇಲ್ಲ. ಚಿತ್ರದ ಕೆಲಸಕ್ಕೆಂದು ಬೇರೆ ಕಾರ್ಡು ಹಾಕಿದ ಮೇಲೆ ಕೇಬಲ್ ಕೆಳಗಿನ ತೂತಿಗೇ ಸಿಕ್ಕಿಸಬೇಕು. ಯಾರಾದರೂ ತಪ್ಪಿ ಮೇಲಕ್ಕೆ ಹಾಕಿಯಾರು ಎಂದು ಲೋಲಾಕ್ಷಿಯೇ ಅದರ ಮೇಲೆ ಹಳದಿ ಟೇಪು ಅಂಟಿಸಿ, ಪೆನ್ನಿನಿಂದ ದೊಡ್ಡದಾಗಿ ಕಾಟು ಹೊಡೆದಿದ್ದಳು. ಟೇಪನ್ನು ಯಾರೋ ಕಿತ್ತುಹಾಕಿದ್ದರು. ಅಂಟಿನ ಗುರುತು ಮಾತ್ರ ಉಳಿದಿತ್ತು.

ಅವಳು ಕೇಬಲ್ ಎಳೆದು ಕೆಳಗೆ ಸಿಕ್ಕಿಸಿದಳು. ಕೇಸರಿ ದೀಪ ನೀಲಿಗೆ ತಿರುಗಿತು. ವಿಭೂತಿಯ ಕೆಳಗೆ ಪರದೆ ಝಗ್ಗನೆ ಬೆಳಗಿ, ಪಾಸ್‌ವರ್ಡ್ ಕೇಳುತ್ತ ನಿಂತಿತು.

ಬಸವಣ್ಣೆವ್ವ ಗಲ್ಲ ಗಲ್ಲ ಬಡಿದುಕೊಂಡಳು. “ಶಿವಶಿವಾ!”

“ನಿಮ್ಮ ದೇವರು ಕಣ್ಣು ಬಿಟ್ಟ ಅಮ್ಮ. ಇನ್ನು ಯಾರ್ಯಾರು ಕಣ್ಣು ಮುಚ್ಚಿಕೊಳ್ತಾರೆ ನೋಡುವ.” ಲೋಲಾಕ್ಷಿ ಎದ್ದು ನಿಂತಳು. “ಈ ಕೇಬಲ್ ತನ್ನಷ್ಟಕ್ಕೆ ಮೇಲೆ ಹತ್ತಿ ಕೂತದ್ದಲ್ಲ. ಪೂಜೆ ಆದ ಮೇಲೆ ಯಾರೋ ಇದನ್ನು ಕಿತ್ತಿದ್ದಾರೆ, ಮತ್ತೆ ಸಿಕ್ಕಿಸಿದ್ದಾರೆ. ಯಾರು?”

“ನಾ ಮುಟ್ಟಿಲ್ಲ,” ಎಂದ ಶಿವರಾಜ.

“ನನಗದರ ಗಂಧಾನೂ ಇಲ್ಲವ್ವಾ,” ಎಂದ ಕೈಲಾಸ.

“ಇಕಿನ ಮಾಡಿರ್ಬೇಕು,” ಎಂದಳು ಬಸವಣ್ಣೆವ್ವ. ಆದರೆ ಮೊದಲಿನ ಗತ್ತು ಆ ದನಿಯಲ್ಲಿ ಇರಲಿಲ್ಲ.

“ಇವಳಾ? ಎರಡು ವರ್ಷದಿಂದ ದಿನಾ ಇದರ ಮುಂದೆ ಕೂರುವವಳು, ಆ ಟೇಪು ನಾನು ಅಂಟಿಸುವಾಗ ಪಕ್ಕದಲ್ಲೇ ನಿಂತವಳು, ಅದನ್ನೇ ಕಿತ್ತು ತಪ್ಪು ತೂತಿಗೆ ಹಾಕ್ತಾಳಾ? ಸ್ವಲ್ಪವಾದ್ರೂ ತಲೆ ಓಡಿಸಿ ಮಾರ್ರೆ! ಸೌಭಾಗ್ಯ, ಬಾ ಇಲ್ಲಿ. ಪಾಸ್‌ವರ್ಡ್ ಹಾಕು.”

ಸೌಭಾಗ್ಯ ಬಂದಳು. ಒಂದೇ ಸಲಕ್ಕೆ ಸರಿಯಾಗಿ ಒತ್ತಿದಳು.

“ಅಕಿ ಪಾಸ್‌ವರ್ಡ್ ಅಕಿಗಷ್ಟ ಗೊತ್ತು,” ಎಂದು ಶಿವರಾಜ ಹೇಳಿದ. “ಅದನ್ನೂ ಬರಕೊಳ್ರಿ ನಿಮ್ಮ ಹಿಸಾಬಿನ್ಯಾಗ.”

ಸೌಭಾಗ್ಯ ಗಂಡನ ಕಡೆ ಒಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಅಡುಗೆಮನೆಯ ಬಾಗಿಲಿಗೇ ಮರಳಿದಳು. ಲೋಲಾಕ್ಷಿಗೆ ಅವಳ ಮೇಲೂ ಸಿಟ್ಟು ಬಂತು. ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಲೋಕ ಕಲ್ಲು ಹೊಡೆಯದೆ ಇನ್ನೇನು ಹೂವು ಎಸೆಯುತ್ತದೆಯೇ?

ಕಂಪ್ಯೂಟರಿಗೆ ಒಂದು ಗುಣ ಇದೆ. ತಾನು ಎಷ್ಟೊತ್ತಿಗೆ ಎದ್ದೆ, ಎಷ್ಟೊತ್ತಿಗೆ ಮಲಗಿದೆ ಎಂಬುದನ್ನೆಲ್ಲ ಅದು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಆ ದಿನಚರಿಯನ್ನು ತೆರೆದು ನೋಡುವವರು ಕಡಿಮೆ. ಲೋಲಾಕ್ಷಿ ತೆರೆದಳು. ಖಂಡೇನವಮಿಯ ತಾರೀಕಿಗೆ ಹೋಗಿ, ಕನ್ನಡಕ ಮೂಗಿನ ಮೇಲಕ್ಕೆ ತಳ್ಳಿ, ಗಟ್ಟಿಯಾಗಿ ಓದತೊಡಗಿದಳು.

“ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಮಲಗಿದೆ. ಅದು ಪೂಜೆಯ ಹೊತ್ತು. ಹನ್ನೊಂದೂ ನಲವತ್ತೆಂಟಕ್ಕೆ ಹೊಸದಾಗಿ ಶುರುವಾಗಿದೆ. ಹನ್ನೆರಡೂ ಇಪ್ಪತ್ತಕ್ಕೆ ತನ್ನಷ್ಟಕ್ಕೆ ಮಲಗಿದೆ, ಮೂವತ್ತೊಂದಕ್ಕೆ ಎದ್ದಿದೆ. ನಲವತ್ತಕ್ಕೆ ಮೇಲ್ ಹೋಗಿದೆ. ಐವತ್ತೆರಡಕ್ಕೆ ಬಂದ್.”

“ಅದೇನ್ ಹೊಸಾ ಮಾತಲ್ಲ,” ಎಂದಳು ಬಸವಣ್ಣೆವ್ವ. ಅವಳಿಗೆ ಈಗ ಮತ್ತೆ ಧೈರ್ಯ ಬಂದಿತ್ತು. “ಹಬ್ಬದ ಅಡಿಗಿ ಬಿಟ್ಟು ಇಲ್ಲಿ ಕುಂತು ಬರದಾಳ. ಅದಕ್ಕ ಆವತ್ತ ಹೋಳಿಗಿ ಹಂಗಾಗಿದ್ದು. ಹೂರ್ಣ ಅಂದ್ರ ತರಿ ತರಿ, ಬಾಯಾಗ ಹಾಕಿದ್ರ ಮರಳ ಜಗದಂಗ! ಬಂದ ಮಂದಿ ಮುಂದ ನನ್ನ ಮಾನ ಹೋತು.”

ಐದು ದಿನದಲ್ಲಿ ಮೊದಲ ಸಲ ಸೌಭಾಗ್ಯ ದನಿ ಎತ್ತಿದಳು. “ಕರೆಂಟ್ ಇರ್ಲಿಲ್ಲರಿ ಅತ್ತೀ! ಮಿಕ್ಸರ್ ಎಲ್ಲಿ ನಡೀತಿತ್ತು? ಎರಡ ಕಿಲೋ ಬ್ಯಾಳಿ ಕಲ್ಲಿನ ಮ್ಯಾಲ ಅರದೀನಿ ನಾನು. ರಟ್ಟಿ ಬಿದ್ದ ಹೋಗಿತ್ತು. ಬರಿಯಾಕ ಕೈಯರ ಎಲ್ಲಿತ್ತು ನನಗ?”

ಲೋಲಾಕ್ಷಿಯ ಕೈ ಮೌಸಿನ ಮೇಲೆ ನಿಂತುಹೋಯಿತು.

“ಎಂತ ಹೇಳಿದಿ? ಕರೆಂಟ್ ಇರ್ಲಿಲ್ವಾ?”

“ಹನ್ನೊಂದಕ್ಕ ಹೋತು. ಎರಡಕ್ಕ ಬಂತು.”

“ಎರಡಕ್ಕೇ ಅಂತ ಹೇಗೆ ಗೊತ್ತು?”

ಉತ್ತರ ಒಳಕೋಣೆಯಿಂದ ಬಂತು. ಪ್ರಾಜಕ್ತಾ ಮಂಚದಿಂದ ಇಳಿದು ಬಾಗಿಲಿಗೆ ಬಂದಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಫೋನಿನಲ್ಲಿ ಸೊಸೈಟಿಯ ವಾಟ್ಸಾಪ್ ಗುಂಪು ತೆರೆದು ತೋರಿಸಿದಳು. “ಮೆಸೇಜ್ ಹೈ ಆಂಟಿ. ಗ್ಯಾರಾ ತೇ ದೋನ್, ಮೇಂಟೆನೆನ್ಸ್. ಪೂರೀ ಬಿಲ್ಡಿಂಗ್ ಕಾ.”

“ಮನೆಯಲ್ಲಿ ಇನ್ವರ್ಟರ್ ಉಂಟಾ?”

“ನಹೀ.”

ಲೋಲಾಕ್ಷಿ ಕುರ್ಚಿಯನ್ನು ಗರ್ರನೆ ತಿರುಗಿಸಿ ಕೂತವರ ಕಡೆ ಮುಖ ಮಾಡಿದಳು. ಐದು ದಿನ! ಐದು ದಿನದಿಂದ ಈ ಮನೆಯವರು ಆ ಹುಡುಗಿಯ ಎದುರು ಹೋಳಿಗೆ ಕೆಟ್ಟಿತು ಕೆಟ್ಟಿತು ಎಂದು ಬೈದಿದ್ದಾರೆ. ಯಾಕೆ ಕೆಟ್ಟಿತು ಎಂದು ಒಬ್ಬರೂ ಯೋಚಿಸಿಲ್ಲ.

“ಈ ಬಿಲ್ಡಿಂಗಿನಲ್ಲಿ ಹನ್ನೊಂದರಿಂದ ಎರಡರ ತನಕ ಒಂದು ಬಲ್ಬು ಉರಿದಿಲ್ಲ. ಈ ಪೆಟ್ಟಿಗೆ ಹನ್ನೊಂದೂ ನಲವತ್ತೆಂಟಕ್ಕೆ ಎದ್ದು ಪತ್ರ ಕಳಿಸಿ ಮಲಗಿದೆ. ಯಾವ ಕರೆಂಟಿನಲ್ಲಿ? ನಿಮ್ಮ ಊದಿನಕಡ್ಡಿಯ ಬೆಂಕಿಯಲ್ಲಾ? ಪತ್ರ ಹೋಗುವಾಗ ಈ ಪೆಟ್ಟಿಗೆ ಈ ಮನೆಯಲ್ಲೇ ಇರ್ಲಿಲ್ಲ. ನೀವೆಲ್ಲ ಮಾಲೆ ಹಾಕಿದ ಮುಖವನ್ನು ನೋಡಿ ಆಣೆ ಹಾಕ್ತಾ ಇದ್ದೀರಿ. ಮೈಯನ್ನು ಯಾರೋ ಹೊತ್ತುಕೊಂಡು ಹೋಗಿದ್ದಾರೆ!”

ಬಸವಣ್ಣೆವ್ವ ಮಾಲೆಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು.

“ಅಕ್ಕಾರ, ಸುಮ್ನ ಏನರ…” ಶಿವರಾಜ ಎದ್ದು ನಿಂತ.

“ಕೂತುಕೊಳ್ಳಿ.”

ಅವಳು ಯಂತ್ರ ಬಂದ್ ಮಾಡಿ, ಪೆಟ್ಟಿಗೆಯ ಪಕ್ಕದ ತಗಡಿನ ಎರಡು ತಿರುಪು ಬಿಚ್ಚಿ, ಫ್ಯಾನಿನ ಮೇಲೆ ಬಗ್ಗಿದಳು. ಫ್ಯಾನು ಇರುವುದೇ ಗಾಳಿ ಎಳೆದುಕೊಳ್ಳಲಿಕ್ಕೆ. ಎಲ್ಲಿ ಓಡುತ್ತದೋ ಅಲ್ಲಿಯ ಧೂಳು ಅದರ ರೆಕ್ಕೆಗೆ ಅಂಟುತ್ತದೆ. ಗಣೇಶ ಚೌತಿಗೆ ಮುಂಚೆ ಅವಳೇ ಬಂದು ಇದನ್ನು ಊದಿ ಒರೆಸಿ ಹೋಗಿದ್ದಳು.

ಮೂಗು ಹತ್ತಿರ ಹೋದದ್ದೇ ತಡ, “ಆಕ್ಷೀ!” ಎಂದು ಮನೆ ಅದುರುವಂತೆ ಸೀನಿದಳು. ಇನ್ನೊಂದು ಸೀನು. ಮತ್ತೊಂದು. ಕಣ್ಣಿನಲ್ಲಿ ನೀರು ಬಂತು.

ಬೆರಳಿನಿಂದ ರೆಕ್ಕೆ ಒರೆಸಿ ಬೆಳಕಿಗೆ ಹಿಡಿದಳು. ಬೆರಳ ತುದಿ ಕೆಂಪಾಗಿತ್ತು. ನಾಲಿಗೆಗೆ ಮುಟ್ಟಿಸಿ ನೋಡಿದಳು.

“ಬ್ಯಾಡಗಿಯಾ, ಗುಂಟೂರಾ ಕೈಲಾಸ್ರೇ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೈಲಾಸ ಅಂಗಿಯ ತೋಳು ಝಾಡಿಸಿಕೊಂಡ.

“ನನ್ನನ್ಯಾಕ ಕೇಳ್ತೀರಿ? ಮನ್ಯಾಗಿನ ಖಾರ ಇರಬೇಕು.”

“ಅಡುಗೆಮನೆ ಆ ಕಡೆ, ಇದು ಈ ಕಡೆ. ಒಗ್ಗರಣೆಯ ಖಾರ ಇಷ್ಟು ನುಣ್ಣಗೆ ಬಂದು ಇದರೊಳಗೆ ಕೂರುವುದಿಲ್ಲ. ಇದು ಕುಟ್ಟುವ ಜಾಗದ ಖಾರ. ಗಿರಣಿ ರಜೆ ಇದ್ರೂ ಗೋಡೆಯ ಮೇಲೆ, ನೆಲದ ಮೇಲೆ ಕೂತಿರ್ತದಲ್ಲ, ಅದು.”

“ನಾ ಆವತ್ತ ಬಂದಿದ್ದು ಖರೆ. ಗಿರಣಿ ಪೂಜಿಗಂತ ಇಲ್ಲಿದ್ದ ಹಳೇ ತಕ್ಕಡಿ ಒಯ್ದೆ. ಊಟಕ್ಕ ಬಂದಾಗ ತಂದಿಟ್ಟೆ. ಅಷ್ಟ.”

“ಖರೆ ಅಕ್ಕಾ,” ಎಂದಳು ಸೌಭಾಗ್ಯ. “ಹನ್ನೊಂದರ ಸುಮಾರಿಗೆ ಈ ಮಾಮಾರು ದೊಡ್ಡ ಚೀಲಾ ಹೊತ್ತು ಹೋದ್ರು. ನಾ ಅರಕೋತ ಕುಂತಿದ್ದೆ. ತಕ್ಕಡಿ ಅಂದ್ರು.”

“ಏನಂದಿ?” ಬಸವಣ್ಣೆವ್ವ ತಮ್ಮನ ಕಡೆ ತಿರುಗಿದಳು. ಅವಳ ಹುಬ್ಬು ಗಂಟಿಕ್ಕಿತ್ತು. “ತಕ್ಕಡಿ ಎಲ್ಲಿ ಒಯ್ದಿಯೋ ನೀನು? ತಕ್ಕಡಿ ದೇವರ ಮುಂದ ಇತ್ತಲ್ಲ! ಮುಂಜಾನೆ ನಾನ ವಿಭೂತಿ ಹಚ್ಚೀನಿ, ಸಂಜಿಗೆ ನಾನ ನಿಂಬಿಹಣ್ಣ ತಗದೀನಿ. ಗುಡಿಯಿಂದ ಬಂದಾಗ ಇಟ್ಟದ್ದು ಇಟ್ಟಂಗ ಇತ್ತು.”

ಕೈಲಾಸ ಅಕ್ಕನ ಮುಖ ನೋಡಿದ, ಶಿವರಾಜನ ಮುಖ ನೋಡಿದ.

“ಕೈಲಾಸಾ!” ಬಸವಣ್ಣೆವ್ವ ಗುಡುಗಿದಳು. “ನನ್ನ ಮಗಳ ಮದಿವಿ ಮುರದಿ ಏನೋ ನೀನು? ಆರತಿ ಎತ್ತಿದ ಕೈಲೇ ಕಪಾಳಕ್ಕ ಕೊಡ್ತೀನಿ!”

“ಅಕ್ಕಾ, ನಿನ್ನ ಕಾಲ ಬೀಳ್ತೀನಿ. ನಾ ಡಬ್ಬಿ ಹೊತ್ತದ್ದು ಖರೆ. ಗಿರಣ್ಯಾಗ ಕ್ಯಾಮೆರಾದ ಟಿವಿ ಐತಲ್ಲ, ಅದಕ್ಕ ಹಚ್ಚಿದ್ದೂ ಖರೆ. ತಿರುಗಿ ತಂದು ಇಲ್ಲಿ ಹಚ್ಚಿದಾವನೂ ನಾನ. ಎಲ್ಲಿ ತೂತ ಕಂಡ್ತು ಅಲ್ಲಿ ತುರುಕಿದೆ. ಆದ್ರ ಪತ್ರ ಬರಿಯಾಕ ನನಗೆಲ್ಲಿ ಬರತೈತಿ? ನಾ ಮೂರನೇತ್ತ ಸಾಲಿ ಬಿಟ್ಟಾವ.”

“ಮತ್ತ ಬರದಾವರು ಯಾರು?”

ಕೈಲಾಸನ ಬಾಯಿಗಾಗಿ ಕಾಯುವ ತಾಳ್ಮೆ ಲೋಲಾಕ್ಷಿಗೆ ಇರಲಿಲ್ಲ. ಐದೂ ನಲವತ್ತು ದಾಟಿತ್ತು. ಅವಳು ಯಂತ್ರವನ್ನು ಮತ್ತೆ ಚಾಲೂ ಮಾಡಿದಳು. ಸೌಭಾಗ್ಯ ಬಂದು ಪಾಸ್‌ವರ್ಡ್ ಹಾಕಿದಳು.

“ಮೇಲ್ ಹೋಗ್ಬೇಕಾದ್ರೆ ಇಂಟರ್ನೆಟ್ ಬೇಕು,” ಎಂದಳು ಲೋಲಾಕ್ಷಿ. “ಈ ಮನೆಯ ವೈಫೈ ವಿಠ್ಠಲವಾಡಿಗೆ ಮುಟ್ಟುವುದಿಲ್ಲ. ಅಂದ್ರೆ ಯಾರದ್ದೋ ಫೋನಿನಿಂದ ನೆಟ್ ತೆಗೆದಿದ್ದಾರೆ. ಆ ಫೋನಿನ ಹೆಸರೂ ಇಲ್ಲಿ ದಾಖಲಾಗಿರ್ತದೆ, ದಿನ, ಗಂಟೆ ಸಮೇತ.”

ಪ್ಲಗ್ ಪಾಯಿಂಟು ಸೋಫಾದ ಪಕ್ಕದ ಗೋಡೆಯಲ್ಲಿತ್ತು. ಶಿವರಾಜನ ಕೈ ಸ್ವಿಚ್ಚಿನ ಕಡೆ ಸರಿಯಿತು.

“ಕೈ ತೆಗಿ!” ಲೋಲಾಕ್ಷಿ ತಿರುಗಿ ನೋಡದೆ ಕಿರುಚಿದಳು. ಇಷ್ಟು ಹೊತ್ತು ಇದ್ದ ‘ನೀವು’ ಹಾರಿಹೋಗಿತ್ತು. “ಮುಟ್ಟಿದ್ರೆ ಇದೇ ಸ್ಕ್ರೂಡ್ರೈವರ್ ಬೀಸಿ ಹಾಕ್ತೇನೆ. ಬರೆದಿಟ್ಟದ್ದು ಅಳಿಯುವುದಿಲ್ಲ, ನಿನ್ನ ಮರ್ಯಾದೆ ಮಾತ್ರ ಹೋಗ್ತದೆ.”

ಪ್ರಾಜಕ್ತಾ ಅಷ್ಟರಲ್ಲಿ ಪರದೆಯ ಹತ್ತಿರ ಬಂದು ಬಗ್ಗಿದ್ದಳು. ಆ ದಿನದ ಸಾಲು ಅವಳ ಕಣ್ಣಿಗೇ ಮೊದಲು ಬಿತ್ತು. ಹನ್ನೊಂದೂ ಐವತ್ತೊಂದು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಲಾಡಕಾ ದಾದಾ’, ಮುದ್ದಿನ ಅಣ್ಣ, ಎಂದಿತ್ತು.

“ಹಾ ತರ್ ದಾದಾಚಾ ಫೋನ್ ಆಹೇ,” ಎಂದಳು. ಧ್ವನಿ ಬಹಳ ಸಣ್ಣದಾಗಿತ್ತು. “ಮೀಚ್ ನಾವ್ ಟಾಕ್ಲಂ ಹೋತಂ. ಭಾವುಬೀಜೇಲಾ.”

ಅಣ್ಣ-ತಂಗಿಯರ ಹಬ್ಬವಾದ ಭಾವುಬೀಜದ ದಿನ ಅಣ್ಣನಿಗೆ ಆರತಿ ಎತ್ತಿ, ಅಣ್ಣ ಕೊಡಿಸಿದ ಸಿಹಿ ತಿನ್ನುತ್ತ, ಅವನ ಹೊಸ ಫೋನಿಗೆ ಆ ಮುದ್ದಿನ ಹೆಸರಿಟ್ಟವಳು ಅವಳೇ. ಈಗ ಆ ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದವಳೂ ಅವಳೇ.

“ದಾದಾ?” ಎಂದಳು. “ತೂ?”

ಶಿವರಾಜ ಗೋಡೆಗೆ ಒರಗಿದ. ಬಸವಣ್ಣೆವ್ವ “ಅಯ್ಯಯ್ಯೋ” ಎಂದು ಹಣೆ ಬಡಿದುಕೊಂಡಳು.

“ಮೇಲ್‌ನ ಪಾಸ್‌ವರ್ಡ್ ನಿನಗೆ ಗೊತ್ತಿರ್ಲಿಲ್ಲ,” ಲೋಲಾಕ್ಷಿ ಎದ್ದು ಅವನ ಎದುರಿಗೇ ಹೋಗಿ ನಿಂತಳು. “ಪೆಟ್ಟಿಗೆ ತೆರೆದ್ರೆ ಒಳಗೆ ಮೇಲ್ ತೆರೆದೇ ಇರ್ತದೆ ಅಂತ ಗೊತ್ತಿತ್ತು. ಇಲ್ಲಿ ಕೂತು ಬರೆದ್ರೆ ಇವಳ ಕಣ್ಣಿಗೆ ಬೀಳ್ತಿ. ಹಾಗಾಗಿ ಪೆಟ್ಟಿಗೆಯನ್ನೇ ಹೊರಿಸಿದಿ. ಇನ್ನೊಂದು ವಿಷಯ ಹೇಳ್ತೇನೆ ಕೇಳು. ಈ ಯಂತ್ರ ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ರೆ ಮಲಗ್ತದೆ. ಕರೆಂಟು ಉಳಿಸ್ಲಿಕ್ಕೆ ನಾನೇ ಹಾಗೆ ಇಟ್ಟದ್ದು. ನಿನ್ನ ಎದುರು ಅದು ಹನ್ನೆರಡೂ ಇಪ್ಪತ್ತಕ್ಕೆ ಮಲಗಿದೆ. ಅಂದ್ರೆ ನೀನು ಇಪ್ಪತ್ತು ನಿಮಿಷ ಕೈ ಕಟ್ಟಿ ಕೂತಿದ್ದಿ. ಅದು ಮಲಗಿದ ಮೇಲೂ ಹನ್ನೊಂದು ನಿಮಿಷ ಕೂತಿದ್ದಿ. ಬೇಡ ಅಂತ ಮನಸ್ಸು ಹೇಳ್ಲಿಕ್ಕೆ ಇಷ್ಟು ಹೊತ್ತು ಸಾಕಾಗ್ಲಿಲ್ವಾ? ಕಡೆಗೆ ಹೆಂಡತಿಯ ಹೆಸರು ಬರೆದಿಯಲ್ಲ, ಥೂ!”

“ಕಂಪ್ಯೂಟರ್ ಪಾಸ್‌ವರ್ಡ್ ಅಕಿಗಷ್ಟ ಗೊತ್ತು ಅಂದ್ರಿ,” ಎಂದಳು ಸೌಭಾಗ್ಯ.

ಎಲ್ಲರೂ ತಿರುಗಿ ನೋಡಿದರು. ಅವಳು ಬಾಗಿಲಿನಿಂದ ಹೊರಬಂದು ನಡುಮನೆಯಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಮುಖ ಕೆಂಡವಾಗಿತ್ತು.

“ಹೋದ ವರ್ಷ ನನ್ನ ಆಪರೇಷನ್ ಆದಾಗ, ದವಾಖಾನ್ಯಾಗ ಮಲಗಿ ನಿಮ್ಮ ಕಿವ್ಯಾಗ ಹೇಳಿದ್ದೆ. ನಮೂನಿ ಕಳಸ್ರಿ, ಗಿರಾಕಿ ಕಾಯಾಕತ್ತಾರ ಅಂತ. ನನ್ನ ಬಿಟ್ರ ಗೊತ್ತಿದ್ದಾವರು ನೀವೊಬ್ಬರ. ಐದ ದಿನದಿಂದ ನಾ ಯಾಕ ಬಾಯಿ ಮುಚ್ಚೀನಿ ಗೊತ್ತೇನ್ರಿ? ನಾ ಬರದಿಲ್ಲ ಅಂದ್ರ ಉಳಿಯೂದು ನೀವ. ಹಂಗ ನೆನಸಾಕ ಸುದ್ದಾ ನನಗ ಪಾಪ ಅನಸ್ತಿತ್ತು. ಇಲ್ಲಾ, ಬ್ಯಾರೆ ಏನರ ಇರಬೇಕು, ನನ್ನ ಗಂಡ ಹಂಗ ಮಾಡೂದಿಲ್ಲ ಅಂತ ದಿನಾ ದೇವರ ಮುಂದ ದೀಪಾ ಹಚ್ಚೀನಿ. ನೀವು ಅಲ್ಲೇ ಕುಂತು ನನ್ನ ಬ್ಯಾಗ್ ಕಟ್ಟೂದು ನೋಡಿದ್ರಿ!”

ಪ್ರಾಜಕ್ತಾ ಹೋಗಿ ಅತ್ತಿಗೆಯ ಕೈ ಹಿಡಿದಳು. ಸೌಭಾಗ್ಯ ಕೈ ಕೊಸರಿಕೊಳ್ಳಲಿಲ್ಲ.

“ಕಾ ಕೇಲಂಸ್ ದಾದಾ?” ಪ್ರಾಜಕ್ತಾ ಚೀರಿದಳು. “ಯಾಕ ಮಾಡ್ದಿ? ಮಾಝಂ ಲಗ್ನ ಹೋತಂ, ನನ್ನ ಲಗ್ನ!”

“ನಿನ್ನ ಉಳಸಾಕ!” ಶಿವರಾಜನೂ ಅಷ್ಟೇ ಜೋರಾಗಿ ಚೀರಿದ. ಹಣೆಯ ನರ ಉಬ್ಬಿತ್ತು. “ಆ ಹುಡುಗ ಎಂಥಾವ ಅಂತ ನನಗ ನವಮಿಗಿಂತ ಎರಡ ದಿನಾ ಮೊದಲ ಗೊತ್ತಾತು. ಹೇಳಿದ್ರ ಯಾರೂ ನಂಬತಿರ್ಲಿಲ್ಲ. ನಿಮಗೆಲ್ಲಾ ಸೀವುಡ್ಸ್ ಮನಿ, ಬಂಗಾರ ಕಂಡಿತ್ತು. ನಾವ ಒಲ್ಲೆ ಅಂದ್ರ ಜಗಳ. ಅವರ ಒಲ್ಲೆ ಅನಬೇಕು, ಹಂಗ ಮಾಡಿದೆ.”

“ಹಾಗಾದ್ರೆ ನಿನ್ನ ಹೆಸರಲ್ಲಿ ಬರಿ!” ಲೋಲಾಕ್ಷಿ ಮೇಜಿಗೆ ಗುದ್ದಿದಳು. ಬಾಡಿದ ಮಾಲೆ ಜಾರಿ ಕೀಬೋರ್ಡಿನ ಮೇಲೆ ಬಿತ್ತು. “ತಂಗಿಯನ್ನು ದಡ ಹತ್ತಿಸ್ಲಿಕ್ಕೆ ಹೆಂಡತಿಯನ್ನು ನೀರಿಗೆ ದೂಡುವುದಾ? ಇವಳ ಹೆಸರು ಎಂತಕ್ಕೆ?”

ಶಿವರಾಜ ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ನಾಚಿಕೆ ಇರಬೇಕಿತ್ತು. ಇದ್ದದ್ದು ಬರೀ ಸಿಟ್ಟು.

“ಯಾಕಂದ್ರ ಆ ಕೆಡಕ ನನ್ನ ಮನಿಗೆ ತಂದಾವ ಇಕಿ ಅಪ್ಪ. ಎಲ್ಲಾ ಗೊತ್ತಿದ್ದ ತಂದಾನ. ಅವನ ರಕ್ತದ ಹೆಸರಿನ್ಯಾಗ ಹೋಗ್ಲಿ ಅಂತ ಹಾಕಿದೆ. ನಾ ಕೇಳಿದ್ರ ಅವ ಹೇಳೂದಿಲ್ಲ. ಬರ್ತಾನಲ್ಲ ಈಗ, ನೀನ ಕೇಳು.”

“ನಮ್ಮಪ್ಪನ ಹೆಸರ ತಗೀಬ್ಯಾಡ್ರಿ,” ಎಂದಳು ಸೌಭಾಗ್ಯ. “ನಿಮ್ಮ ಕೊಳಿ ತೊಳಿಯಾಕ ನಮ್ಮಪ್ಪನ್ನ ಎಳೀಬ್ಯಾಡ್ರಿ. ಅಂವ ಅಂಥಾವಲ್ಲ. ನನಗಿನ್ನ ಇರೂದು ಅದೊಂದ ಬಾಗಲಾ.”

ಬಾಗಿಲ ಗಂಟೆ ಬಡಿಯಿತು.

ಲೋಲಾಕ್ಷಿಯೇ ಹೋಗಿ ಬಾಗಿಲು ತೆಗೆದಳು. ಪನವೇಲ್ ಬಸ್ಸಿನಲ್ಲಿ ನಿಂತೇ ಬಂದವನಂತೆ ಬೆವತುಹೋಗಿದ್ದ ಬಾಲಪ್ಪ, ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದ. ಬಿಳಿ ಅಂಗಿ, ಬಾಗಿದ ಬೆನ್ನು, ಇನ್ನೊಂದು ಕೈಯಲ್ಲಿ ಬೀಗರ ಮನೆಗೆಂದು ತಂದ ಬಾಳೆಹಣ್ಣಿನ ಚೀಲ. ಮಗಳನ್ನು ಕಳಂಕ ಹೊರಿಸಿ ಅಟ್ಟುತ್ತಿರುವ ಮನೆಗೂ ಬರಿಗೈಯಲ್ಲಿ ಬಂದಿರಲಿಲ್ಲ ಆ ಮನುಷ್ಯ.

“ಬನ್ನಿ ಯಜಮಾನ್ರೇ,” ಎಂದಳು. “ನಿಮ್ಮ ಮಗಳು ತಪ್ಪು ಮಾಡ್ಲಿಲ್ಲ. ಸಾಬೀತಾಯ್ತು. ಪತ್ರ ಬರೆದದ್ದು ನಿಮ್ಮ ಅಳಿಯ.”

ಸೌಭಾಗ್ಯ ಎರಡು ಹೆಜ್ಜೆ ಮುಂದೆ ಬಂದಳು. ಅಪ್ಪ ಈಗ ಟೋಪಿ ನೆಲಕ್ಕೆ ಎಸೆದು ಅಳಿಯನ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಅವಳೂ ಕಾದಳು, ಲೋಲಾಕ್ಷಿಯೂ ಕಾದಳು. ಯಾವ ಅಪ್ಪನಾದರೂ ಅದನ್ನೇ ಮಾಡುತ್ತಿದ್ದ.

ಬಾಲಪ್ಪ ಹೊಸ್ತಿಲು ದಾಟಲಿಲ್ಲ. ಮಗಳ ಮುಖ ನೋಡಲಿಲ್ಲ. ಮಗಳ ಹೆಗಲ ಮೇಲಿಂದ ಶಿವರಾಜನನ್ನು ನೋಡಿದ. ಶಿವರಾಜ ಅವನನ್ನು ನೋಡಿದ. ಚೀಲ ಮುದುಕನ ಕೈಯಿಂದ ಜಾರಿ, ಹಣ್ಣುಗಳು ಮೆಟ್ಟಿಲ ಮೇಲೆ ಉರುಳಿದವು.

“ಪತ್ರದಾಗ,” ಎಂದ ಬಾಲಪ್ಪ. ಲೋಲಾಕ್ಷಿಯ ಕಡೆ ತಿರುಗಿ ಮತ್ತೆ ಕೇಳಿದ. “ಪತ್ರದಾಗ ನನ್ನ ಹೆಸರೂ ಐತೇನವ್ವಾ?”